ಫ್ರಿಜ್ಜಿನೊಳಗಿನ ಬಿಸಿನೀರು

ಮುನಾಫನ ಬಗ್ಗೆ ಹೇಳಬೇಕೆಂದರೆ ಮೊದಲು ಅವನನ್ನು ಒಂದು ಕಡೆ ಹಿಡಿದು ನಿಲ್ಲಿಸಬೇಕು. ಅದು ಇವತ್ತಿನವರೆಗೆ ಯಾರಿಂದಲೂ ಆಗಿಲ್ಲ. ತಿಕೋಟಾ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಫ್ರಿಜ್ ರಿಪೇರಿ ಅಂಗಡಿ. ಬಬಲೇಶ್ವರದ ಗಿರಾಕಿಯ ಮನೆಗೆ ಫ್ರಿಜ್ ಮುಟ್ಟಿಸಿ ಬಂದ ಮೇಲೂ ಅವನಿಗೆ ಸಮಾಧಾನವಿಲ್ಲ. ಸಂಜೆ ಮತ್ತೆ ಬೈಕ್ ಹತ್ತಿ ಹೋಗಿ, ಬಾಗಿಲು ತೆಗೆದು, ಒಳಗೆ ಕೈಯಿಟ್ಟು, ತಣ್ಣಗಾಗಿದೆಯೋ ಇಲ್ಲವೋ ನೋಡಿ ಬರುತ್ತಾನೆ. ಬರುವಾಗ ಆ ಮನೆಯವರಿಗೇ ಬುದ್ಧಿ ಹೇಳುತ್ತಾನೆ: ಸುಮ್ಮಸುಮ್ಮನೆ ಬಾಗಿಲು ತೆಗೆಯಬೇಡಿ, ತಂಪು ಹೋಗುತ್ತದೆ.

ನಾನು ಅಶೋಕ, ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆ ವಿಜಯಪುರದ ಜಲನಗರದಲ್ಲಿ, ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಓಣಿಯ ಡಾಕ್ಟರರ ಹತ್ತಿರ ಮುನಾಫನ ಹೆಂಡತಿ ನಜಮಾ ಕೆಮ್ಮು, ದಮ್ಮಿಗೆ ತೋರಿಸಿಕೊಳ್ಳುತ್ತಿದ್ದಳು. ಬಸ್ಸಿಗೆ ಒಬ್ಬಳೇ ಬರುತ್ತಿದ್ದಳು. ದವಾಖಾನೆಗೆ ನನ್ನ ಹೆಂಡತಿ ಪೂರ್ವಾ ಜೊತೆಯಾಗುತ್ತಿದ್ದಳು. ಕಳೆದ ದೀಪಾವಳಿ ಹೊತ್ತಿಗೆ ಡಾಕ್ಟರರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಇವಳ ಎದೆಗೆ ಇನ್ನು ಹೊಗೆ ತಾಗಬಾರದು, ತಾಗಿದರೆ ಈ ಚಳಿಗಾಲ ಆಸ್ಪತ್ರೆಯಲ್ಲೇ.

ಹೊಗೆ ಬರುತ್ತಿದ್ದದ್ದು ಹಿತ್ತಲಿನ ನೀರೊಲೆಯಿಂದ. ಮುನಾಫನ ತಾಯಿ ಮಾಬುಬಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಹಿಡಿದುಕೊಂಡಿವೆ. ಬೆಳಗಿನ ನಮಾಜಿಗೆ ಮುಂಚೆ ಆಕೆಗೆ ಬಿಸಿನೀರು ಬೇಕು. ಘೋಣಸಗಿ ಕಡೆಯ ದ್ರಾಕ್ಷಿ ತೋಟದವರು ಕತ್ತರಿಸಿ ಎಸೆದ ಕಡ್ಡಿಯನ್ನು ತಂದು ನಜಮಾ ಐದು ಗಂಟೆಗೇ ಒಲೆ ಹಚ್ಚುತ್ತಿದ್ದಳು. ಔಷಧ ಹೊಡೆದ ಕಡ್ಡಿ, ಅದರ ಹೊಗೆಗೆ ನನಗೇ ಕಣ್ಣು ಉರಿಯುತ್ತಿತ್ತು. ಕೊಳವೆಬಾವಿಯ ಗಡಸು ನೀರಿಗೆ ಎರಡು ಗೀಸರ್ ಆಗಲೇ ಪ್ರಾಣ ಬಿಟ್ಟಿದ್ದವು. ಅಂಗಡಿಯ ಸೋಲಾರಿನ ದರ ಕೇಳಿದ ಮುನಾಫ, ಅಂಗಡಿಯವನನ್ನು ದುರುಗುಟ್ಟಿ ನೋಡಿ ಎದ್ದು ಬಂದಿದ್ದ.

ಡಾಕ್ಟರರ ಮಾತನ್ನು ಅವನಿಗೆ ಮುಟ್ಟಿಸಿದವನು ನಾನೇ. ಉಪಾಯ ಹೇಳಿಕೊಟ್ಟವನೂ ನಾನೇ. ಸತ್ತ ಫ್ರಿಜ್ಜಿನ ಮೈಯಲ್ಲಿ ತಂಪು ಉಳಿಯುವುದಾದರೆ ಬಿಸಿಯೂ ಉಳಿಯುತ್ತದಲ್ಲವೇ ಎಂದೆ. ಅಷ್ಟು ಸಾಕಾಯಿತು. ನನ್ನ ಮಾತು ಮುಗಿಯುವುದರೊಳಗೆ ಅವನು ಅಂಗಡಿಯ ಮೂಲೆಯಲ್ಲಿದ್ದ ಹಳೇ ಫ್ರಿಜ್ಜನ್ನು ಎಳೆದು ಅಂಗಾತ ಕೆಡವಿದ್ದ. ಗುಜರಿಯಿಂದ ಗೀಸರಿನ ಟಾಕಿ ತಂದು, ಕಪ್ಪು ಬಣ್ಣ ಹೊಡೆದು, ಫ್ರಿಜ್ಜಿನ ಹೊಟ್ಟೆಯಲ್ಲಿ ಮಲಗಿಸಿದ. ಮೇಲೆ ಕಿಟಕಿಯ ಗಾಜು ಹೊಂದಿಸಿದ. ಬಾಗಿಲಿನ ಒಳಮೈಗೆ ಹೊಳೆಯುವ ಕಾಗದ ಅಂಟಿಸಿದ. ಹಗಲು ಬಾಗಿಲು ತೆರೆದಿದ್ದರೆ ಟಾಕಿಗೆ ಬಿಸಿಲು, ಹೊತ್ತು ಇಳಿಯುವಾಗ ಮುಚ್ಚಿದರೆ ಬೆಳಗಿನವರೆಗೆ ಬಿಸಿ. ಕರೆಂಟು ಬೇಡ, ಪಂಪು ಬೇಡ.

ಮಾಳಿಗೆಯ ಮೇಲೆ ತಕರಾರು ಶುರುವಾಯಿತು. ಬಿಸಿಲು ದಕ್ಷಿಣದಿಂದ ಬರುತ್ತದೆಂದು ನಾನು ಹೇಳಿದ್ದಕ್ಕೆ ಅವನು ಫ್ರಿಜ್ಜಿನ ತಲೆಯನ್ನು ಉತ್ತರಕ್ಕೆ, ಕಾಲನ್ನು ದಕ್ಷಿಣಕ್ಕೆ ಇಟ್ಟು ಓರೆ ಮಾಡಿ ನಿಲ್ಲಿಸಿದ. ಮಾಬುಬಿ ಮೆಟ್ಟಿಲು ಹತ್ತಿ ಬಂದು ನೋಡಿ ಗಾಬರಿಯಾದಳು. ಹಾಗೆ ತಲೆಯಿಟ್ಟು ಮಲಗಿಸುವುದು ಕಬರಸ್ತಾನದಲ್ಲಿ, ಆ ಪೆಟ್ಟಿಗೆಯ ನೀರು ತನ್ನ ಮೈಗೆ ಬೇಡವೇ ಬೇಡ ಎಂದಳು. ಪೆಟ್ಟಿಗೆಯ ಕೆಳಗೆ ಇಟ್ಟಿಗೆ ಕೂಡಿಸಲು ಬಂದಿದ್ದ ಗೌಂಡಿ ಸಿದ್ದರಾಯನೂ ತಲೆಯಾಡಿಸಿದ. ಅವನ ಮನೆಯಲ್ಲೂ ಉತ್ತರಕ್ಕೆ ತಲೆ ಹಾಕಿ ಜೀವಂತ ಇದ್ದವರು ಮಲಗುವುದಿಲ್ಲ. ಮುನಾಫ ಫ್ರಿಜ್ಜನ್ನು ಪೂರ್ವಕ್ಕೆ ತಿರುಗಿಸಿದ. ಮಧ್ಯಾಹ್ನದ ಬಿಸಿಲು ತಪ್ಪಿಹೋಯಿತು. ಕೊನೆಗೆ ನಾನು ಅದನ್ನು ಅಡ್ಡ ಮಲಗಿಸಿ, ಪಕ್ಕೆ ಎತ್ತಿ, ಎದೆ ದಕ್ಷಿಣಕ್ಕೆ ಮಾಡಲು ಹೇಳಿದೆ. ಕಾಲು ಪಶ್ಚಿಮಕ್ಕೆ, ಅಂದರೆ ನಮಾಜಿಗೆ ಮುಖ ಮಾಡುವ ಕಿಬ್ಲಾದ ಕಡೆ ಬರದಂತೆ ಮಾಬುಬಿ ನಿಂತು ನೋಡಿಕೊಂಡಳು. ಒಂದು ಫ್ರಿಜ್ಜಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೂ ಮುನಾಫನ ಕೈ ಸುಮ್ಮನಿರಲಿಲ್ಲ. ನೀರು ಉಗುರುಬೆಚ್ಚಗಿದೆ ಎಂದು ನಜಮಾ ಹೇಳಿದ ದಿನ ಇಡೀ ಪೆಟ್ಟಿಗೆ ಬಿಚ್ಚಿದ. ಸಂದಿಗಳಿಗೆ ಅರಳೆ ತುಂಬಿದ. ಮತ್ತೆ ಬಿಚ್ಚಿ ಟಾಕಿಗೆ ಬಿಜ್ಜರಗಿಯ ಕುರಿಯುಣ್ಣೆ ಸುತ್ತಿದ, ಬಿಸಿಲು ತಾಗುವುದೇ ನಿಂತಿತು. ಮತ್ತೆ ಬಿಚ್ಚಿದ. ಅಂಗಡಿಯಲ್ಲಿ ಗಿರಾಕಿಗಳ ಫ್ರಿಜ್ಜುಗಳು ಹೊಟ್ಟೆ ತೆರೆದುಕೊಂಡು ಕಾಯುತ್ತಿದ್ದವು. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಮಾಳಿಗೆಗೆ ಓಡುತ್ತಿದ್ದ. ನನಗೂ ಶಾಲೆಯ ನಡುವೆ ನಾಲ್ಕು ಸಲ ಫೋನು. ನನ್ನ ತಲೆ ಚಿಟ್ಟು ಹಿಡಿದಿತ್ತು.

ಆಮೇಲೆ ಒಂದು ದಿನ ನೀರು ಚೆನ್ನಾಗಿ ಕಾದಿದೆ ಎಂದು ನಜಮಾ ಹೇಳಿದಳು. ಮರುದಿನವೂ ಹೇಳಿದಳು. ಮುನಾಫ ಊರೆಲ್ಲ ಸಾರಿಕೊಂಡು ಬಂದ. ಬಬಲೇಶ್ವರದಿಂದ ಇಬ್ಬರು ತಮಗೂ ಒಂದು ಮಾಡಿಕೊಡೆಂದು ಕೇಳಿದರು. ನಾನೂ ತರಗತಿಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ಈ ಕತೆ ಹೇಳಿದೆ.

ನಜಮಾಳ ಕೆಮ್ಮು ಮಾತ್ರ ಕಡಿಮೆಯಾಗಲಿಲ್ಲ. ಹೊಗೆ ಇನ್ನೂ ತಾಗುತ್ತಿದೆ ಎಂದು ಡಾಕ್ಟರರು ಪೂರ್ವಾಳ ಮುಂದೆ ಸಿಟ್ಟಾದರಂತೆ. ಮುನಾಫ ಪಕ್ಕದ ಮನೆಯ ಒಲೆಯ ಮೇಲೆ ಸಂಶಯಪಟ್ಟು ಅವರೊಡನೆ ಜಗಳ ತೆಗೆದ. ನನಗೆ ಯಾಕೋ ಒಳಗೊಳಗೇ ಕಸಿವಿಸಿ. ನೀರಿನ ಕಾವು ಅಳೆದೇ ಬಿಡೋಣವೆಂದು ಶಾಲೆಯ ಥರ್ಮಾಮೀಟರ್ ಜೇಬಿಗಿಟ್ಟುಕೊಂಡು ಡಿಸೆಂಬರಿನ ಒಂದು ಬೆಳಗಿನ ಜಾವ ಹೇಳದೆ ಕೇಳದೆ ಹೋದೆ.

ಹಿತ್ತಲಿನಲ್ಲಿ ಒಲೆ ಉರಿಯುತ್ತಿತ್ತು. ನಜಮಾ ಬಾಯಿಗೆ ಸೆರಗು ಒತ್ತಿಕೊಂಡು ಊದುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಮಾತಾಡಲು ಉಸಿರು ಸಾಲದೆ ಗೋಡೆ ಹಿಡಿದುಕೊಂಡಳು.

"ಉಗುರುಬೆಚ್ಚಗ ಅದಾವು ಅಂದ್ರ ಇವರು ಮತ್ತ ಬಿಚ್ಚತಾರ್ರಿ, ಸರ. ಹೊಗಿ ನಾ ತಡಕೋತೇನಿ. ಇವರ ಚಡಪಡಿಕಿ ತಡಕೊಳ್ಳಾಕ ಆಗೂದಿಲ್ರಿ."

ನನಗೆ ನಾಚಿಕೆಯಾಯಿತು. ಉಪಾಯ ಕೊಟ್ಟು ಮೆಚ್ಚುಗೆ ತೆಗೆದುಕೊಂಡ ನಾನು ಆಮೇಲೆ ಒಂದು ದಿನವೂ ಈ ಹಿತ್ತಲಿಗೆ ಬಂದು ನೋಡಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಮುನಾಫ ಮಾಳಿಗೆಯಿಂದ ಇಳಿಯುತ್ತಿದ್ದವನು ಅಲ್ಲೇ ನಿಂತಿದ್ದ. ಎಲ್ಲಾ ಕೇಳಿಸಿಕೊಂಡಿದ್ದ. ಎಷ್ಟು ದಿನದಿಂದ ಎಂದು ಕೇಳಿದ. ಒಂದು ದಿನವೂ ಬಿಟ್ಟಿಲ್ಲ ಎಂದಳು ನಜಮಾ. ಮಾಳಿಗೆಯಿಂದ ಕಂಡ ಹೊಗೆಯನ್ನು ಅವನು ಪಕ್ಕದ ಮನೆಯದೆಂದೇ ತಿಳಿದಿದ್ದ.

ಅವನು ಸುತ್ತಿಗೆ ತಂದ. ಮಾಳಿಗೆಗೆ ಓಡುತ್ತಾನೆ ಎಂದುಕೊಂಡೆ. ಅವನು ಹಂಡೆಯನ್ನು ಮೆಲ್ಲಗೆ ಕೆಳಗಿಳಿಸಿ, ಒಲೆಯನ್ನು ಒಡೆದು ಹಾಕಿದ. ಒಳಗಿನಿಂದ ಬಂದ ಮಾಬುಬಿ ಅದನ್ನು ನೋಡಿ, ನಲ್ಲಿಯ ತಣ್ಣೀರಿನಲ್ಲೇ ಕೈಕಾಲು ತೊಳೆದುಕೊಂಡು ನಮಾಜಿಗೆ ಹೋದಳು.

ನೀನು ಈಗ ಯಾಕೆ ಮೇಲೆ ಹೋಗಿದ್ದಿ ಎಂದು ಮುನಾಫನನ್ನು ಕೇಳಿದೆ. ಬಾಗಿಲು ತೆಗೆದು, ಗಾಜು ಸರಿಸಿ, ಟಾಕಿ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಲು ಎಂದ. ನಿನ್ನೆ ಸಂಜೆಯಿಂದ ಎಷ್ಟು ಸಲ ಎಂದೆ. ಅವನು ಲೆಕ್ಕ ಹಾಕುತ್ತಾ ಬೆರಳು ಮಡಚತೊಡಗಿದ. ಎರಡನೇ ಕೈಗೆ ಬಂದಾಗ ನಜಮಾ ತಡೆದಳು.

"ಊರ ಮಂದಿಗೆಲ್ಲಾ ಬಾಗಲಾ ತೆಗೀಬ್ಯಾಡ್ರಿ ಅಂತ ಹೇಳತೀರಿ," ಎಂದಳು. ಅವಳ ದನಿ ಏರಲಿಲ್ಲ. "ಅದರ ಕೀಲಿ ಇಲ್ಲೆ ಕೊಡ್ರಿ."

ಹಳೇ ಫ್ರಿಜ್ಜುಗಳ ಬಾಗಿಲಿಗೆ ಕೀಲಿಯಿರುತ್ತದೆ. ಅದು ಅವನ ಬೈಕಿನ ಕೀಲಿಗೊಂಚಲಿನಲ್ಲಿತ್ತು. ದಿನಕ್ಕೆ ಹತ್ತು ಯಂತ್ರ ಬಿಚ್ಚುವ ಆ ಕೈಗಳಿಗೆ ಒಂದು ಸಣ್ಣ ಕೀಲಿ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಒಳಗೆ ಸೋರಿದರೆ ಏನು ಮಾಡುವುದೆಂದು ಕೇಳಿದ. ಸೋರಲಿ ಎಂದು ಅವಳು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಅಲಾರಾಂ ಹೊಡೆಯುವ ಮೊದಲೇ ಮುನಾಫನ ಫೋನು ಬಂತು. ಇನ್ನು ಡಿಗ್ರಿಯ ಪುರಾಣ ಕೇಳಬೇಕು ಎಂದು ಬೇಸರದಿಂದಲೇ ಎತ್ತಿದೆ, ನೀರು ಹೇಗಿದೆ ಎಂದೆ.

"ಸುಡಾಕತ್ತಾವಂತ್ರಿ, ಅಮ್ಮಿ ಹೇಳಿದ್ಲು. ನಾ ನೋಡಿಲ್ಲ. ಮ್ಯಾಲ ಹೋಗೂಹಂಗ ಇರ್ಲಿಲ್ಲ, ನಿದ್ದೀನೂ ಬರ್ಲಿಲ್ಲ. ಬಾಜೂಕ ಬಿದ್ದಕೊಂಡು ನಜಮಾನ ಉಸಿರು ಕೇಳಕೋತ ಇದ್ನಿ. ಎದಿಯೊಳಗ ಸೀಟಿ ಊದಿದಂಗ ಸಪ್ಪಳ ಬರ್ತೈತ್ರಿ ಸರ. ಇದು ಯಾವಾಗಿಂದ ಐತಿ?"

ಹೆಂಡತಿಯನ್ನು ಕೇಳಬೇಕಾದ್ದನ್ನು ಅವನು ನನ್ನನ್ನು ಕೇಳುತ್ತಿದ್ದ.

"ಎರಡ ವರ್ಷ ಆತು, ಮುನಾಫ," ಎಂದೆ.