ಫೋನ್ ಆಫ್ ಮಾಡಿ ನಡೆಯುವ ದಾರಿ

ನಮ್ಮ ನಕ್ಷೆಯಲ್ಲಿ ಆ ದಾರಿ ಖಾಲಿಯಾಗಿತ್ತು. ಮೊಬೈಲ್ ಟವರ್‌ಗಳ ದಾಖಲೆ ನೋಡಿ ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆಂದು ಲೆಕ್ಕ ಹಾಕಿ, ಮಿನಿಬಸ್ ಯಾವ ಊರಿಗೆ ಬೇಕೆಂದು ಸರ್ಕಾರಕ್ಕೆ ಹೇಳುವುದು ನಮ್ಮ ಅಧ್ಯಯನದ ಕೆಲಸ. ತಮಿಳುನಾಡಿನ ಗಡಿಯ ನಾಟ್ರಾಂಪಾಳ್ಯದ ಆಚೆಯ ಪುಟ್ಟ ಊರಿನಿಂದ ರಸ್ತೆಗೆ ಇಳಿಯುವ ಕಾಡುದಾರಿಯಲ್ಲಿ ಫೋನಿನ ಗುರುತಿನ ಒಂದು ಚುಕ್ಕೆಯೂ ಇರಲಿಲ್ಲ. ಅದೇ ಸೀಮೆಯ ರಾಯಕೋಟೆಯವಳು, ಅಲ್ಲಿಯವರ ಕನ್ನಡ ಬಲ್ಲವಳು ಎಂದು ನನ್ನನ್ನು ನೋಡಿಬರಲು ಕಳಿಸಿದರು.

ಹೋಗಿ ನೋಡಿದರೆ, ದಿನಾ ಬೆಳಗ್ಗೆ ಒಂಬತ್ತು ಹೆಂಗಸರು ಆ ದಾರಿಯಲ್ಲೇ ನಡೆದು ಹೋಗಿ ಫ್ಯಾಕ್ಟರಿ ವ್ಯಾನ್ ಹಿಡಿಯುತ್ತಿದ್ದರು. ಕಾಡು ಶುರುವಾಗುವ ಕಡೆ ಎಲ್ಲರೂ ನಿಂತು ಫೋನ್ ಆಫ್ ಮಾಡಿ ಊಟದ ಚೀಲಕ್ಕೆ ಸೇರಿಸುತ್ತಿದ್ದರು.

"ಕಾಡ್ನಾಗೆ ಇದು ಕೂಗುದ್ರೆ ಆನೆ ಈ ಕಡೆ ತಿರುಗ್ತದೆ ಕಣಮ್ಮಾ," ಎಂದಳು ಮುಂದೆ ನಡೆಯುವ ಅಕ್ಕ.

ಇದನ್ನು ಆಫೀಸಿಗೆ ಹೇಳಿದೆ. ನೀವು ಹೇಳಿದರೆ ಸಾಲದು, ಚುಕ್ಕೆ ಬೇಕು, ಒಬ್ಬರ ಫೋನಿಗಾದರೂ ದಾರಿ ಗುರುತಿಸುವ ಆ್ಯಪ್ ಹಾಕಿ ಎಂದರು. ಅಕ್ಕನನ್ನು ಒಪ್ಪಿಸಿದವಳು ನಾನೇ. ಒಂದೇ ದಿನ ಅಕ್ಕ, ಆಮೇಲೆ ಬಸ್ಸು ಬರುತ್ತದೆ ಎಂದೆ. ಮರುದಿನ ಅವಳ ಫೋನ್ ಆಫ್ ಮಾಡದೆಯೇ ಎಲ್ಲರೂ ಕಾಡುದಾರಿ ಹಿಡಿದೆವು.

"ಬಸ್ಸಿಗಿಂತ ಮೊದ್ಲು ಆನೆ ಬಂದ್ಬುಟ್ರೆ?" ಎಂದು ಹಿಂದಿನವಳೊಬ್ಬಳು ಕೆಣಕಿದಳು.

"ಅದ್ರ ಮ್ಯಾಲೇ ಕೂತ್ಕಂಡು ಹೋಗಾನ ಬುಡು, ಟಿಕೀಟಿಲ್ಲ," ಎಂದಳು ಅಕ್ಕ. ನಾನೂ ನಕ್ಕೆ.

ಇಳಿಜಾರಿನ ತಿರುವಿನಲ್ಲಿ ಒಂಟಿ ಆನೆ ನಿಂತಿತ್ತು. ಬಿದಿರಿನ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಅದು ತನ್ನ ಪಾಡಿಗೆ ಮೇಯುತ್ತಿತ್ತು, ಹೋಗಿಬಿಡುತ್ತಿತ್ತು. ಆದರೆ ಐದು ನಿಮಿಷ ಅಲುಗಾಡದಿದ್ದರೆ ಎಚ್ಚರಿಸಬೇಕೆಂದು ಆ ಆ್ಯಪ್‌ಗೆ ಕಲಿಸಿದ್ದರು. ಅಕ್ಕನ ಫೋನ್ ಕೂಗಿತು.

ಆನೆಯ ಕಿವಿ ಅಗಲವಾದದ್ದು, ಅಕ್ಕ ಫೋನನ್ನು ದೂರ ಎಸೆದದ್ದು, ಆ ಸದ್ದಿನತ್ತ ಆನೆ ನುಗ್ಗಿದ್ದು. ಈಗಲೂ ಬಸ್ಸಿನಲ್ಲಿ ಯಾರದೋ ಫೋನ್ ಬಡಿದುಕೊಂಡರೆ ಇಷ್ಟೂ ಮತ್ತೆ ಮೊದಲಿನಿಂದ ನಡೆಯುತ್ತದೆ. ಓಡುವಾಗ ಅಕ್ಕ ಹಳ್ಳಕ್ಕೆ ಬಿದ್ದಳು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಸೀರೆಯಲ್ಲಿ ಜೋಲಿ ಕಟ್ಟಿ ಅದೇ ದಾರಿಯಲ್ಲಿ ಹೊತ್ತು ಇಳಿಸಿದೆವು.

ಆಫೀಸಿನವರು ಆ ದಿನದ ದಾಖಲೆಯನ್ನು ಕೈಬಿಟ್ಟರು. ಪಯಣ ಅರ್ಧಕ್ಕೇ ನಿಂತಿದೆ, ಲೆಕ್ಕಕ್ಕೆ ಬರುವುದಿಲ್ಲವಂತೆ. ಆ ದಾರಿಗೆ ಬಸ್ಸಿನ ಅಗತ್ಯವಿಲ್ಲ ಎಂದು ವರದಿ ಹೋಯಿತು. ಕೆಳಗೆ ನನ್ನ ಹೆಸರೂ ಇದೆ.

ಹೋದ ವಾರ ಅಕ್ಕನನ್ನು ನೋಡಲು ಹೋಗಿದ್ದೆ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೆಲಸ ಹೋಗಿತ್ತು.

"ಬಸ್ಸು ಬತ್ತದೇನಮ್ಮಾ?"

"ಬತ್ತದೆ ಅಕ್ಕ," ಎಂದುಬಿಟ್ಟೆ.

ಅವಳು ಪಕ್ಕದ ಮನೆಯತ್ತ ತಿರುಗಿ ಕೂಗಿದಳು: "ಕೇಳುದ್ರೇನ್ರೇ? ಬಸ್ಸು ಬತ್ತದಂತೆ ಕಣ್ರೇ!"