ಬಿದ್ದದ್ದು ಮೂರೇ

ನಾನು ನಿಂತಿದ್ದುದು ಶಾಲೆಯ ಹಿಂದಿನ ಗೇಟಿನ ಒಳಗಡೆ, ಹೊಂಗೆ ಮರದ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ. 2013ರ ಮಾರ್ಚ್ ತಿಂಗಳು. ಶಾಲೆ ಬಿಟ್ಟು ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಮರದ ಕೆಳಗಿನ ಚಪ್ಪಡಿ ಕಲ್ಲು ನನ್ನಿಂದ ಎರಡು ಮಾರು ದೂರವೂ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಇವನ್ನೆಲ್ಲ ನನ್ನನ್ನು ಕೇಳಿದರು.

ಯಲಹಂಕ ದಾಟಿ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿದ್ದ ಬ್ರಿಟಿಷ್ ಶಾಲೆ ಅದು. ಪಾಠ, ಪರೀಕ್ಷೆ ಎಲ್ಲವೂ ಇಂಗ್ಲೆಂಡಿನವು, ಪ್ರಿನ್ಸಿಪಾಲರೂ ಅಲ್ಲಿಯವರೇ. ಬೇಸಿಗೆಯಲ್ಲೂ ಮಕ್ಕಳ ಕೊರಳಲ್ಲಿ ಟೈ. ಯಾವ ಯಾವುದೋ ದೇಶದಿಂದ ಬಂದ ಮಕ್ಕಳಿಗೆ ಕನ್ನಡ ಕಲಿಸುವುದು ನನ್ನ ಕೆಲಸ.

ಅವರಲ್ಲಿ ಕೊರಿಯಾದ ಒಬ್ಬ ಹುಡುಗಿ ಇದ್ದಳು. ಏಳು ವರ್ಷ. ಮನೆಯಲ್ಲಿ ಅಮ್ಮನೊಡನೆ ಮಾತಾಡುತ್ತಿದ್ದಳಂತೆ. ಶಾಲೆಯ ಗೇಟು ದಾಟಿದರೆ ಬಾಯಿ ಬೀಗ. ಸೇರಿದ ದಿನದಿಂದ ಒಬ್ಬರೂ ಅವಳ ದನಿ ಕೇಳಿರಲಿಲ್ಲ. ಇಂಗ್ಲಿಷ್ ಟೀಚರು ಬೊಂಬೆ ಹಿಡಿದು ಮಾತಾಡಿಸಿದರು, ಹಾಡಿನ ಟೀಚರು ಡೋಲು ಕೊಟ್ಟರು. ನಾನು ಆನೆಯ ಚಿತ್ರ ತೋರಿಸಿ ಇದೇನು ಎಂದು ಕೇಳಿದರೆ ಆನೆಯನ್ನೂ ನನ್ನನ್ನೂ ಒಂದೇ ರೀತಿ ನೋಡುತ್ತಿದ್ದಳು.

ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಅವಳ ತಾಯಿಯನ್ನು ಕರೆಸಿದರು. ಅವಳಿಗೆ ಪಾಠ ಮಾಡುವ ನಾವೆಲ್ಲರೂ ಕೂತಿದ್ದೆವು. ಈಸ್ಟರ್ ರಜೆಯೊಳಗೆ ಮಗು ಇಲ್ಲಿ ಒಂದು ಮಾತಾದರೂ ಆಡದಿದ್ದರೆ ಮುಂದಿನ ತರಗತಿಗೆ ಕಳಿಸಲಾಗದು, ಬೇರೆ ಬಗೆಯ ಶಾಲೆ ಹುಡುಕಬೇಕಾಗುತ್ತದೆ ಎಂದರು. ಕಟುವಾಗಿ ಹೇಳಲಿಲ್ಲ. ಆ ತಾಯಿ ಎರಡು ಕೈಯಲ್ಲೂ ಟೀ ಕಪ್ಪು ಹಿಡಿದುಕೊಂಡು, ಕುಡಿಯದೆ, ತಲೆಯಾಡಿಸಿದರು.

ಹುಡುಗಿಯನ್ನು ಕರೆದೊಯ್ಯುವ ಕಾರು ದಿನವೂ ಹೆಬ್ಬಾಳದಲ್ಲಿ ಸಿಕ್ಕಿಕೊಂಡು ತಡವಾಗುತ್ತಿತ್ತು. ಅಲ್ಲಿಯವರೆಗೆ ಅವಳು ಶಾಲೆಯ ಆಯಾ ದೊಡ್ಡಮ್ಮನ ಜೊತೆ ಹೊಂಗೆ ಮರದ ಕೆಳಗೆ ಕೂರುವಳು. ದೊಡ್ಡಮ್ಮ ಪಕ್ಕದ ಹಳ್ಳಿಯವರು. ಸುಮ್ಮನೆ ಕೂತು ಅವರಿಗೆ ಗೊತ್ತಿರಲಿಲ್ಲ. ಚಪ್ಪಡಿಯ ಮೇಲೆ ನನ್ನ ತುಂಡು ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಶಾಲೆಯ ವ್ಯಾನಿನ ಡ್ರೈವರ್ ಜೊತೆ ಆಡುತ್ತಿದ್ದರು. ಕವಡೆ ಇರಲಿಲ್ಲ, ಒಂದು ಮೈ ಬೆಳ್ಳಗಾಗುವಂತೆ ಉಜ್ಜಿದ ನಾಲ್ಕು ಹುಣಸೆ ಬೀಜ. ಎಷ್ಟು ಬಿಳಿ ಮೇಲಾದವೋ ಅಷ್ಟು ಮನೆ ಕಾಯಿ ನಡೆಸಬೇಕು.

ಡ್ರೈವರ್ ಹೆಸರಘಟ್ಟದ ಕಡೆಯವನು, ನಗುಮುಖದ ಮೋಸಗಾರ. ಅವನು ಬೀಜ ಎಸೆದಾಗಲೆಲ್ಲ ದೊಡ್ಡಮ್ಮ ಬಗ್ಗಿ ನೋಡುವರು.

"ಕಳ್ಳನನ್ಮಗ್ನೆ, ಕೈ ತಗಿ, ಕಾಣಾಕಿಲ್ಲ."

"ದೊಡ್ಡಮ್ಮ, ನಿಮ್ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರ್ ಹತ್ರ ಹೋಗಿ."

"ನಿನ್ ಮೋಸ ನೋಡಾಕೆ ಒಂದೇ ಕಣ್ ಸಾಕು ಏಳು."

ಹುಡುಗಿ ಮೊಣಕಾಲಿಗೆ ಗದ್ದ ಊರಿ ಇದನ್ನೆಲ್ಲ ನೋಡುತ್ತಿದ್ದಳು, ದಿನವೂ.

ಅಂದು ದೊಡ್ಡಮ್ಮನ ಕೊನೆಯ ಕಾಯಿ ನಡುಮನೆ ಸೇರುವುದಿತ್ತು. ಸೇರಿದರೆ ಆಟ ಅವರದು. ಡ್ರೈವರನ ಕಾಯಿ ನಾಲ್ಕು ಮನೆ ಹಿಂದಿತ್ತು. ನಾಲ್ಕು, ಅಂದರೆ ಚೌಕ, ಬಿದ್ದರೆ ಅವರ ಕಾಯಿಯನ್ನು ಕಡಿಯಬಹುದು. ಅವನು ಎಸೆದ. ಅದೇ ಹೊತ್ತಿಗೆ ಹೊರಗೆ ಹಾರನ್ ಆಯಿತು, ಕಾರು ಬಂತೆಂದು ದೊಡ್ಡಮ್ಮ ತಿರುಗಿದರು. ಬಂದದ್ದು ನೀರಿನ ಟ್ಯಾಂಕರು. ನಾನು ಕಲ್ಲನ್ನೇ ನೋಡುತ್ತಿದ್ದೆ. ಮೂರು ಬೀಜ ಬೆಳ್ಳಗೆ, ಒಂದು ಕಪ್ಪು. ಅವನು ಥಟ್ಟನೆ ಬೀಜ ಬಾಚಿ, "ಚೌಕ!" ಎಂದು ಕೂಗಿ ಕಾಯಿ ಎತ್ತಿದ.

"ಏಯ್ ಕಳ್ಳನನ್ಮಗ್ನೆ! ಮೂರು! ಇಂದಕ್ಕೆ ಇಡು!"

ದನಿ ದೊಡ್ಡಮ್ಮನದಲ್ಲ. ಸಣ್ಣದು, ಸ್ವಲ್ಪ ಒಡೆದದ್ದು. ಹುಡುಗಿ ಎದ್ದು ನಿಂತಿದ್ದಳು, ಬೆರಳು ಅವನ ಕೈಯತ್ತ.

ನನ್ನ ಕೈಯಿಂದ ಪುಸ್ತಕಗಳು ಜಾರಿದವು. ಎತ್ತಿಕೊಳ್ಳಲಿಲ್ಲ. ಅಲುಗಿದರೆ ಮಗು ಮತ್ತೆ ಮುಚ್ಚಿಕೊಂಡೀತು ಎಂಬ ಹೆದರಿಕೆ. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಡ್ರೈವರ್ ಒಬ್ಬನೇ ಏನೂ ವಿಶೇಷ ನಡೆದಿಲ್ಲ ಎಂಬಂತೆ ಜಗಳಕ್ಕೆ ನಿಂತ. ಬೇಕೆಂದೇ ಮಾಡಿದನೋ ಆಟದ ಹಟವೋ, ಇಂದಿಗೂ ತಿಳಿಯದು.

"ಯಾವಳೇ ನೀನು, ನಾಲ್ಕೇ ಬಿದ್ದಿದ್ದು!"

"ಮೂರು! ನಾನ್ ನೋಡ್ದೆ!"

"ಎಲ್ಲಿ ತೋರ್ಸು ನೋಡೋಣ?"

"ನೀನ್ ತಗೊಂಡ್ಬಿಟ್ಟೆ!"

ಅವನು ಸೋತು ಕಾಯಿ ಹಿಂದಿಟ್ಟ. ದೊಡ್ಡಮ್ಮ ಬೀಜ ಎಸೆದರು, ಗೆದ್ದರು, ಆಮೇಲೆ ಅತ್ತರು. "ಮೇಷ್ಟ್ರೇ, ಮಗ ಮಾತಾಡ್ತು ಕಣ್ರೀ."

ನಾನು ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಅವರು ಪೆನ್ನು ಕೆಳಗಿಟ್ಟು, ಎಲ್ಲಿ ನಿಂತಿದ್ದಿರಿ, ಎಷ್ಟು ದೂರ, ಬೇರೆಯವರ ದನಿ ಇರಬಹುದೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, ಮಗು ಆಡಿದ ಮಾತು ಯಾವುದು, ಹಾಗೆಯೇ ಹೇಳಿ ಎಂದರು.

"ಮೂರು, ಹಿಂದಕ್ಕೆ ಇಡು ಎಂದಳು."

"ಅದಕ್ಕೂ ಮೊದಲು?"

"ಅದಕ್ಕೂ ಮೊದಲು ಅವನನ್ನು ಕರೆದಳು, ಮೇಡಂ."

"ಏನೆಂದು?"

ನಾನು ಹೇಳಿದೆ, ಅರ್ಥವನ್ನೂ ಹೇಳಿದೆ. ಅವರು ಕಿಟಕಿಯತ್ತ ತಿರುಗಿದರು. ಭುಜ ಕುಲುಕುತ್ತಿದ್ದವು. ಆದರೂ, ಮಗುವಿನ ಮಾತನ್ನು ನಾನೇ ಕಿವಿಯಾರೆ ಕೇಳಬೇಕು ಎಂದರು.

ಮರುದಿನ ಅವರು ಬಂದು, ಬೂಟು ಬಿಚ್ಚಿ, ಚಪ್ಪಡಿಯ ಬಳಿ ನೆಲದ ಮೇಲೆ ಕೂತರು. ಹುಡುಗಿ ಮುಖ ಮೊಣಕಾಲಿನಲ್ಲಿ ಹುದುಗಿಸಿಕೊಂಡಳು. ಮುಗಿಯಿತು ಅಂದುಕೊಂಡೆ. ಡ್ರೈವರ್ ಪ್ರಿನ್ಸಿಪಾಲರ ಕೈಗೆ ಬೀಜ ಕೊಟ್ಟ. ಅವರು ಎಸೆದರು, ಎಣಿಸಿದರು, ಕಾಯಿಯನ್ನು ತಪ್ಪು ದಿಕ್ಕಿಗೆ ನಡೆಸಿದರು. ಯಾರೂ ತಿದ್ದಲಿಲ್ಲ. ಮುಂದಿನ ಸಲವೂ ತಪ್ಪು ದಿಕ್ಕು. ಮೊಣಕಾಲಿನ ಮೇಲಿಂದ ಒಂದು ಕಣ್ಣು ಇಣುಕಿತು. ಮೂರನೆಯ ಸಲ ತಡೆಯಲಾಗಲಿಲ್ಲ.

"ಅಯ್ಯೋ, ಇಂಗಲ್ಲ!" ಎಂದು ಹುಡುಗಿ ಅವರ ಮಣಿಕಟ್ಟು ಹಿಡಿದು ಸರಿಯಾದ ದಿಕ್ಕಿಗೆ ನಡೆಸಿದಳು. "ಇಂಗೆ!"

ಪ್ರಿನ್ಸಿಪಾಲರು ಅರ್ಥ ಕೇಳಲಿಲ್ಲ. "ಇಂಗೆ," ಎಂದು ಅವಳ ಹಾಗೆಯೇ ಹೇಳಿದರು. ಹುಡುಗಿ ನಕ್ಕಳು. ಆ ಸಂಜೆ ತಾಯಿಗೆ ಫೋನು ಹೋಯಿತು. ಹುಡುಗಿ ಮುಂದಿನ ತರಗತಿಗೆ ಹೋದಳು. ಇಂಗ್ಲಿಷ್ ಆಮೇಲೆ ಬಂತು, ನಿಧಾನವಾಗಿ. ಬಯ್ಯಬೇಕಾದಾಗ ಮಾತ್ರ ದೊಡ್ಡಮ್ಮನ ಭಾಷೆಯೇ.

ಈಗ ಆ ಚಪ್ಪಡಿ ಇಲ್ಲ. ಅಲ್ಲಿ ಈಜುಕೊಳ ಬಂದಿದೆ. ದೊಡ್ಡಮ್ಮ ತೀರಿಕೊಂಡರು. ಪ್ರಿನ್ಸಿಪಾಲರು ಇಂಗ್ಲೆಂಡಿನಲ್ಲಿದ್ದಾರೆ, ಆದರೆ ಅವರು ನೋಡಿದ್ದು ಎರಡನೆಯ ದಿನವನ್ನಷ್ಟೆ. ಮೊದಲ ದಿನ ಕಲ್ಲಿನ ಮೇಲೆ ಎಷ್ಟು ಬಿದ್ದಿತೆಂದು ನೋಡಿ ಈಗಲೂ ಬದುಕಿರುವವರು ಮೂವರು. ನಾನು. ಕೊರಿಯಾದಲ್ಲಿರುವ ಆ ಹುಡುಗಿ. ಮತ್ತೆ ನಾಗಸಂದ್ರ ಮೆಟ್ರೊ ಸ್ಟೇಷನ್ನಿನ ಹತ್ತಿರ ಆಟೊ ಓಡಿಸುವ ಆ ಡ್ರೈವರ್. ಸಿಕ್ಕಾಗಲೆಲ್ಲ ಆಟೊ ನಿಲ್ಲಿಸಿ, "ಸುಳ್ಳು ಹೇಳ್ಬೇಡಿ ಮೇಷ್ಟ್ರೇ, ಅವತ್ತು ಬಿದ್ದಿದ್ದು ನಾಲ್ಕೇ," ಅನ್ನುತ್ತಾನೆ.