ಹಗೇವಿನ ತಳದ ಗಡಿಗಿ

ಗುರುಸಿದ್ದವ್ವನ ನಾಲಿಗೆಗೆ ತಾಗದ ಹೊರತು ರಾಚಯ್ಯನವರ ಮನಿಯಿಂದ ಒಂದು ಹನಿ ದ್ರಾಕ್ಷಾಸವ ಹೊರಗೆ ಹೋಗುತ್ತಿರಲಿಲ್ಲ. ಆಕಿಯ ಗಂಡ ರಾಚಯ್ಯನವರು ಬದಾಮಿ ಗುಡ್ಡದ ಬೆನ್ನಿಗಿರುವ ಊರಿನ ನಾಟಿ ವೈದ್ಯರು. ಕರೀ ದ್ರಾಕ್ಷಿ ಕುದಿಸಿ, ಬೆಲ್ಲ, ಒಣಗಿಸಿದ ಹೂವು, ಲವಂಗ, ಯಾಲಕ್ಕಿ ಕೂಡಿಸಿ ಮಣ್ಣಿನ ಗಡಿಗಿಗೆ ತುಂಬುತ್ತಿದ್ದರು. ಬಾಯಿಗೆ ಅರಿವಿ ಕಟ್ಟಿ, ಮೇಲೆ ಮಣ್ಣು ಮೆತ್ತಿ, ಜ್ವಾಳದ ರಾಶಿಯೊಳಗೆ ಹುಗಿದಿಡುತ್ತಿದ್ದರು. ಅದು ಅಲ್ಲೇ ಕತ್ತಲಲ್ಲಿ ಹುದುಗು ಬಂದು, ಬೆಚ್ಚಗಾಗಿ, ಮತ್ತೆ ತಣಿದು, ಕೆಂಪಗೆ ತಿಳಿಯಾಗಿ ಔಷಧವಾಗುತ್ತಿತ್ತು. ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ, ಊಟ ಸೇರದ ಮುದುಕರಿಗೆ ಅದೇ ಗತಿ. ಊರ ಹುಡುಗರು ಅದನ್ನು ಅಯ್ಯಾರ ಮನಿ ಸೆರೆ ಅಂತ ಹಿಂದಿನಿಂದ ನಗುತ್ತಿದ್ದರು. ರಾಚಯ್ಯನವರಿಗೆ ಅದು ಕೇಳಿಸುತ್ತಿತ್ತು. ಒಂದು ಸಲ ಜ್ವರ ಬರಲಿ, ಅವರೂ ಬಾಟ್ಲಿ ಹಿಡಕೊಂಡು ಬರ್ತಾರ ಅನ್ನುತ್ತಿದ್ದರು.

ಗಡಿಗಿಯ ಬಾಯಿ ಒಡೆಯುವ ದಿನ ಗುರುಸಿದ್ದವ್ವ ಚಾ ಸೈತ ಕುಡಿಯುತ್ತಿರಲಿಲ್ಲ. ಜಳಕ, ಲಿಂಗಪೂಜಿ ಮುಗಿಸಿ, ತವರುಮನಿಯಿಂದ ತಂದ ಬೆಳ್ಳಿ ಒಳಲಿಯನ್ನು ತೊಳೆದು ತರುತ್ತಿದ್ದಳು. ಕೂಸುಗಳಿಗೆ ಹಾಲು ಕುಡಿಸುವ ಒಳಲಿ ಅದು. ಅದರ ಮೂತಿಯಿಂದ ಒಂದು ಗುಟುಕು ನಾಲಿಗೆಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಆಕಿ ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು. ಔಷಧದ ಹೆಸರು ಆಕಿಗೆ ಗೊತ್ತಿರಲಿಲ್ಲ. ಬೆಲ್ಲ ಹೆಚ್ಚಾಯ್ತೋ, ಹೂವು ಕಡಿಮಿ ಬಿತ್ತೋ, ಇನ್ನೊಂದು ತಿಂಗಳು ಇರಬೇಕೋ, ಅಷ್ಟು ಹೇಳುತ್ತಿದ್ದಳು.

ಅವತ್ತು ಕಟ್ಟಿಯ ಮೇಲೆ ಇನ್ನೊಬ್ಬರು ಬಂದು ಕೂಡುತ್ತಿದ್ದರು, ಮಲೀಕಸಾಬ ಬಾಗವಾನ. ದ್ರಾಕ್ಷಿ ಅವರದು. ಗುಡ್ಡದ ಕೆಂಪು ಕಲ್ಲಿನ ನಡುವೆ, ಒಡ್ಡು ಕಟ್ಟಿ ಮಣ್ಣು ಹೊತ್ತು ಹಾಕಿ, ಅವರ ತಂದಿ ಬೆಳೆಸಿದ ತೋಟ. ಬೆಳೆದವರಿಗೆ ರುಚಿ ಮಾತ್ರ ಗೊತ್ತಿಲ್ಲ. ಹುದುಗು ಬಂದದ್ದು ನಮ್ಮಲ್ಲಿ ನಡೆಯಂಗಿಲ್ಲ ಅಂದು ಅವರು ಒಂದು ದಿನವೂ ತುಟಿಗೆ ಹಚ್ಚಲಿಲ್ಲ. ಕೇಳುವುದನ್ನು ಬಿಡಲೂ ಇಲ್ಲ.

"ಹೇಳ್ರಿ ಅಕ್ಕಾರ, ಈ ಸಲ ನನ್ನ ಗುಡ್ಡ ಏನಂತೈತಿ?"

ಗುರುಸಿದ್ದವ್ವ ಹೇಳುತ್ತಿದ್ದಳು. ಒಂದು ವರ್ಷ ಕಾರಿಹಣ್ಣಿನ ಒಗರು, ಒಂದು ವರ್ಷ ಹಸೀ ಜ್ವಾಳದ ದಂಟು ಕಡಿದಂಗ, ಒಂದು ವರ್ಷ ಹಳೇ ಹುಣಸಿ ಮತ್ತು ಉತ್ತತ್ತಿ. ಮಲೀಕಸಾಬರು ಗಡ್ಡ ನೀವಿಕೊಂಡು ಅಷ್ಟೂ ಕೇಳಿ, ತಾವೇ ಕುಡಿದವರ ಹಾಗೆ ತೃಪ್ತಿಪಟ್ಟು ಎದ್ದು ಹೋಗುತ್ತಿದ್ದರು. ಅಕ್ಕ ಹೇಳೂದು, ಅಣ್ಣ ಕೇಳೂದು, ನನಗ ಮಾತ್ರ ಗಡಿಗಿ ತಿಕ್ಕೂದು ಅಂತ ರಾಚಯ್ಯನವರು ಚಾಷ್ಟಿ ಮಾಡುತ್ತಿದ್ದರು.

ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇಸವಿ, ಹಣ್ಣು ಕೊಯ್ಯುವ ಹೊತ್ತಿಗೆ ಅಕಾಲ ಮಳಿ ಹೊಡೆಯಿತು. ಮಲೀಕಸಾಬರು ಉಳಿದ ಗೊನೆಗಳನ್ನೇ ಆರಿಸಿ ತಂದರು. ರಾಚಯ್ಯನವರು ಬುಟ್ಟಿ ಇಳಿಸಿಕೊಂಡರು. ಎರಡು ಗಡಿಗಿ ತುಂಬಿದವು. ಒಂದು, ಸಂತಿಯಿಂದ ಹೊಸದಾಗಿ ತಂದದ್ದು. ಅದನ್ನು ಮನಿಯೊಳಗಿನ ಜ್ವಾಳದಲ್ಲಿ ಹುಗಿದರು. ಇನ್ನೊಂದು ಅತ್ತಿಯ ಕಾಲದ ಹಳೇ ಗಡಿಗಿ. ಅದನ್ನು ಮನಿ ಮುಂದಿನ ಹಗೇವಿಗೆ, ಅಂದರೆ ನೆಲದೊಳಗಿನ ಜ್ವಾಳದ ಗುಂಡಿಗೆ, ಇಳಿಸಿ ಬಾಯಿ ಮುಚ್ಚಿದರು.

ಮನಿಯೊಳಗಿನ ಗಡಿಗಿಯ ಬಾಯಿ ಒಡೆದ ದಿನ ಓಣಿಯ ಹಿರಿಯ ಅಂದಪ್ಪ ಬಾಟ್ಲಿ ಹಿಡಿದು ಬಂದು ಕುಂತಿದ್ದ. ಅವನ ಸೊಸಿ ಹಸೀ ಬಾಣಂತಿ. ಗಡಿಗಿಯನ್ನು ಎತ್ತುವಾಗ ಅದರ ಬುಡದ ಜ್ವಾಳ ಉಂಡಿ ಕಟ್ಟಿದಂತೆ ಅಂಟಿಕೊಂಡಿತ್ತು. ಗುರುಸಿದ್ದವ್ವ ಕೈಯಿಂದ ಕೆರೆದು ತೆಗೆದು ಕೋಳಿಗಳಿಗೆ ಎಸೆದಳು. ಒಳಲಿ ನಾಲಿಗೆಗೆ ತಾಗಿದ್ದೇ ತಡ, ಹಲ್ಲು ಜುಮ್ಮೆಂದಿತು. ಬರೀ ಹುಳಿ. ಆಕಿ ಬಾಯಿ ತೆರೆಯುವ ಮೊದಲೇ ರಾಚಯ್ಯನವರು ಮಾರಿ ನೋಡಿ ತಿಳಿದುಕೊಂಡರು.

"ನನ್ನ ಕೈ ತಪ್ಪೇತಿ," ಅಂದರು. "ಬೆಲ್ಲ ಹಾಕೂದ್ರಾಗ ತಪ್ಪೀನಿ."

ಮಲೀಕಸಾಬರು ನೆಲ ನೋಡುತ್ತ ಕುಂತರು. ಅಂದಪ್ಪ ಖಾಲಿ ಬಾಟ್ಲಿ ತಗೊಂಡು ಹೋಗುತ್ತ, ಅಯ್ಯಾರ ಕೈಗುಣ ಹೋತು ಅಂತ ಓಣಿಯುದ್ದಕ್ಕೂ ಹೇಳಿದ. ವೈದ್ಯನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾವುದು? ಜನ ಬದಾಮಿ ದವಾಖಾನಿ ದಾರಿ ಹಿಡಿದರು.

ಆ ಸಂಜಿ ರಾಚಯ್ಯನವರು ಹೆಂಡತಿಗೆ ಖರೆ ಹೇಳಿದರು. ಬೆಲ್ಲ ಸರಿ ಇತ್ತು, ಮಳಿ ಕುಡಿದ ಹಣ್ಣೇ ಕೆಟ್ಟಿತ್ತು. ಇದು ಹೊರಗೆ ಬಿದ್ದರೆ ಮಲೀಕಸಾಬನ ದ್ರಾಕ್ಷಿಯನ್ನು ಸಂತಿಯಲ್ಲಿ ಯಾರೂ ಮುಟ್ಟಂಗಿಲ್ಲ, ಅವನ ಮುಂದ ಎಂದೂ ಆಡಬ್ಯಾಡ ಅಂದರು. ಹಗೇವಿನ ಗಡಿಗಿಯನ್ನೂ ತೆಗೆಯಲಿಲ್ಲ. ಹಣ್ಣು ಅದೇ, ಅದೂ ಹುಳಿಯೇ ಆಗಿರ್ತೈತಿ ಅಂದುಬಿಟ್ಟರು. ಮತ್ತೆ ಆಸವ ಹಾಕಲಿಲ್ಲ. ಒಂದೆರಡು ವರ್ಷಕ್ಕೆ ಲಿಂಗೈಕ್ಯರೂ ಆದರು.

ಮಲೀಕಸಾಬರು ಬರುವುದು ತಪ್ಪಲಿಲ್ಲ. ಹಣ್ಣಿನ ಕಾಲದಲ್ಲಿ ಒಂದು ಬುಟ್ಟಿ ತಂದಿಟ್ಟು, ಚಾ ಕುಡಿದು ಹೋಗುವರು. ಪ್ರತಿ ಸಲವೂ ಗುರುಸಿದ್ದವ್ವನ ತುದಿ ನಾಲಿಗೆಗೆ ಆ ಮಾತು ಬಂದು ನಿಲ್ಲುತ್ತಿತ್ತು. ನಿನ್ನ ತೋಟದ ಸಲುವಾಗಿ ನಮ್ಮವರು ಹೆಸರು ಕಳಕೊಂಡ್ರು ಅಂತ ಒಮ್ಮೆ ಅಂದರೆ ಎದೆ ಹಗುರಾಗುತ್ತಿತ್ತೇನೋ. ಗಂಡನಿಗೆ ಕೊಟ್ಟ ಮಾತು, ನುಂಗಿಕೊಳ್ಳುತ್ತಿದ್ದಳು. ಸಕ್ಕರಿ ಒಂದು ಚಮಚ ಹೆಚ್ಚು ಹಾಕಿ ಚಾ ಕೊಡುತ್ತಿದ್ದಳು.

ಎಂಬತ್ತರ ದಶಕದ ನಡುವೆ, ಅಂದಪ್ಪನ ಮನಿ ಮುಂದಿನ ಹಳೇ ಹಗೇವಿನೊಳಗೆ ಟ್ರ್ಯಾಕ್ಟರಿನ ಗಾಲಿ ಕುಸಿಯಿತು. ಓಣಿಯ ಎಲ್ಲಾ ಹಗೇವು ತೆಗೆದು ಕಲ್ಲು ತುಂಬಿಬಿಡಬೇಕು ಅಂತ ಪಂಚರು ಹೇಳಿದರು. ಗುರುಸಿದ್ದವ್ವನ ಹಗೇವಿಗೆ ಇಳಿಯಲು ಪಕ್ಕದ ಮನಿ ಪಾಂಡಪ್ಪ ಬಂದ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರಲಿಲ್ಲ ಅನ್ನುವುದನ್ನು ನೋಡಿಯೇ ಅವನು ಒಳಗಿಳಿದ. ಹಳದಿ ಬಣ್ಣಕ್ಕೆ ತಿರುಗಿದ ಜ್ವಾಳ ಮೇಲೆ ಬಂತು. ಕಡೆಗೆ ಗಡಿಗಿ ಬಂತು, ಮೆತ್ತಿದ ಮಣ್ಣು ಹಾಗೇ ಇತ್ತು.

ಓಣಿಯೆಲ್ಲ ನೆರೆದಿತ್ತು. ಅಂದಪ್ಪ ಕೋಲೂರಿ ನಿಂತು, "ಅವ್ವಾರ, ಚೆಲ್ಲಿಬಿಡ್ರಿ," ಅಂದ. "ಅಯ್ಯಾರ ಕೈ ತಪ್ಪಿದ ವರ್ಷದ್ದು. ಅವತ್ತಿನ ಹುಳಿ ಇವತ್ತ ಯಾರಿಗಿ ಬೇಕು?"

ಗುರುಸಿದ್ದವ್ವ ಗಡಿಗಿಯ ಮುಂದೆ ಕುಂತಳು. ಹುಳಿಯಾಗಿದ್ದರೆ ಇಷ್ಟು ಜನರ ಎದುರಿಗೆ ಗಂಡನ ಹೆಸರು ಎರಡನೇ ಸಲ ಮಣ್ಣಾಗುತ್ತದೆ. ಚೆಲ್ಲಿದರೆ ಎಂದೂ ಗೊತ್ತಾಗುವುದಿಲ್ಲ. ಆಕಿ ಸೆರಗಿನಿಂದ ಗಡಿಗಿ ಒರೆಸಿ ಒಳಗೆ ಒಯ್ದಿಟ್ಟಳು. ಮಲೀಕಸಾಬರಿಗೆ ಹೇಳಿ ಕಳಿಸಿದಳು.

ಮುಂಜಾನೆ ಮಲೀಕಸಾಬರು ಬಂದು ಹಳೇ ಜಾಗಾದಲ್ಲೇ ಕುಂತರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಗುರುಸಿದ್ದವ್ವ ಮಣ್ಣು ಒಡೆದು ಅರಿವಿ ಬಿಚ್ಚಿದಳು. ವಾಸನಿ ಕಟ್ಟಿಯ ತನಕ ಹೋಗಿರಬೇಕು, ಮಲೀಕಸಾಬರು ಕೂತಲ್ಲೇ ನೆಟ್ಟಗಾದರು. ಆಕಿ ಒಳಲಿ ಎತ್ತಿದಳು. ಬಾಯಿಯೊಳಗೆ ಇಟ್ಟುಕೊಂಡು ಭಾಳ ಹೊತ್ತು ನುಂಗಲಿಲ್ಲ.

"ಹೇಳ್ರಿ ಅಕ್ಕಾರ," ಅಂದರು ಮಲೀಕಸಾಬರು, ಮಾರಿ ಆ ಕಡೆ ತಿರುಗಿಸಿ.

"ಮೊದಲಿಗೆ ಬಾರಿಹಣ್ಣು. ಒಣಗಿದ್ದು, ಬಿಸಲಾಗಿಂದು. ಹಿಂದ ಲವಂಗ, ಅಷ್ಟ ಸಣ್ಣಗ. ಆಮ್ಯಾಗ..." ಆಕಿ ಇನ್ನೊಂದು ಗುಟುಕು ನಾಲಿಗೆಗೆ ಬಿಟ್ಟುಕೊಂಡಳು. "ಆಮ್ಯಾಗ ನಿಮ್ಮ ಗುಡ್ಡದ ಕಲ್ಲಿನ ಮ್ಯಾಲೆ ಮಳಿ ಬಿದ್ದಾಗ ಹೊಗಿ ಏಳ್ತೈತಲ್ಲ ಅಣ್ಣಾ, ಆ ವಾಸನಿ. ಆ ವರ್ಷದ ಮಳಿ ಇದರಾಗ ಐತಿ. ಹುಳಿ ಇಲ್ಲ."

ಮಲೀಕಸಾಬರು ಟೊಪ್ಪಿಗೆ ತೆಗೆದು ತೊಡಿಯ ಮೇಲೆ ಇಟ್ಟುಕೊಂಡರು.

"ಹಣ್ಣು ನನ್ನದ ಕೆಟ್ಟಿತ್ತು ಅಂತ ಅವತ್ತ ನನಗ ಅನಿಸಿತ್ತು," ಅಂದರು. "ಅಯ್ಯಾರು ತಮ್ಮ ಮ್ಯಾಲ ತಗೊಂಡಾಗ ನಾ ಬಾಯಿ ಬಿಡಲಿಲ್ಲ. ಮಕ್ಕಳು ಸಣ್ಣವಿದ್ದವು, ಅಕ್ಕಾರ."

ಇಷ್ಟು ವರ್ಷ ನುಂಗಿಕೊಂಡ ಮಾತು ಈಗ ಆಡಬಹುದಿತ್ತು. ಆದರೆ ಗುರುಸಿದ್ದವ್ವನಿಗೆ ನೆನಪಾದದ್ದು ಬೇರೆಯೇ, ಅವತ್ತು ಕೋಳಿಗೆ ಎಸೆದ ಜ್ವಾಳದ ಉಂಡಿಗಳು. ಹೊಸ ಗಡಿಗಿ ಬುಡದಲ್ಲಿ ಸೋರಿ, ಗಾಳಿ ತಗೊಂಡು ಹುಳಿಯಾಗಿತ್ತು. ಅಷ್ಟೇ. ಒಬ್ಬರು ಇನ್ನೊಬ್ಬರ ಮರ್ಯಾದಿ ನೋಡಿದರು, ಗಡಿಗಿಯನ್ನು ಯಾರೂ ನೋಡಲಿಲ್ಲ.

"ಹಣ್ಣೂ ಕೆಟ್ಟಿರಲಿಲ್ಲ, ಅವರ ಕೈಯೂ ತಪ್ಪಿರಲಿಲ್ಲ," ಅಂದಳು. "ಗಡಿಗಿ ಸೋರಿತ್ತು ಅಣ್ಣಾ." ಮಲೀಕಸಾಬರು ಟೊಪ್ಪಿಗೆ ಮತ್ತೆ ತಲೆಗೆ ಇಟ್ಟುಕೊಂಡು, ಆ ಬಾರಿಹಣ್ಣಿಂದು ಇನ್ನೊಮ್ಮೆ ಹೇಳ್ರಿ ಅಂದರು. ಆಕಿ ಮೊದಲಿನಿಂದ ಹೇಳಿದಳು.

ಅಷ್ಟರಲ್ಲಿ ಅಂದಪ್ಪ ಕೋಲು ಕುಟ್ಟುತ್ತ ಬಂದ. ಜ್ವರ ಬಂದು ಹೋಗಿ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ. ಚೆಲ್ಲಿದ್ರಿ ಏನು ಅಂತ ಕೇಳಿದ. ಗುರುಸಿದ್ದವ್ವ ಒಳಲಿ ತೊಳೆದು, ಅರ್ಧ ತುಂಬಿ ಅವನ ಕೈಗಿಟ್ಟಳು. ಅವನು ಕುಡಿದ. ಕೋಲು ಬದಿಗಿಟ್ಟು ಕಟ್ಟಿಯ ಮೇಲೆ ಕುಂತ. ಬೀದಿಯಲ್ಲಿ ಪಾಂಡಪ್ಪ ಹಗೇವಿಗೆ ಕಲ್ಲು ತುಂಬುವ ಸಪ್ಪಳ ಕೇಳುತ್ತಿತ್ತು.

"ಇದು ಅಯ್ಯಾರ ಕೈ," ಅಂದ ಅಂದಪ್ಪ, ಮೆಲ್ಲಗೆ. ಒಳಲಿ ಮುಂದೆ ಚಾಚಿದ. "ಇನ್ನೊಂದೀಟು."

"ಔಷಧ ಐತಿ ಅದು, ಸೆರೆ ಅಲ್ಲ. ನಾಳಿಗೆ ಬಾ."

ಮರುದಿನ ಮುಂಜಾನೆ ಗುರುಸಿದ್ದವ್ವ ಬಾಗಿಲು ತೆಗೆದಾಗ ಅಂದಪ್ಪ ಬಂದು ಕುಂತಿದ್ದ. ಅವನ ಹಿಂದೆ ಓಣಿಯ ಹೆಣ್ಣುಮಕ್ಕಳು, ಸೆರಗಿನಲ್ಲಿ ಬಾಟ್ಲಿ ಮುಚ್ಚಿಕೊಂಡು.